ಗಡಿಯಾರದ ಗಂಟೆಯೂ ವ್ರತದ ಕಾಲವೂ: ಹೇಮಂತದ ಹೊಸ್ತಿಲಲ್ಲಿ ಒಂದು ವಿಚಾರ



ಕಾರ್ತಿಕಮಾಸದ ದೀಪಗಳು ಬೆಳಗುವ ಕಾಲದಲ್ಲಿಯೇ ಅಮೆರಿಕ ದೇಶದಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಪ್ರತಿವರ್ಷ ಒಂದು ವಿಚಿತ್ರವಾದ ಕಾರ್ಯ ನಡೆಯುತ್ತದೆ. ನವೆಂಬರ್ ತಿಂಗಳ ಮೊದಲನೆಯ ಭಾನುವಾರ, ಬೆಳಗಿನ ಜಾವ ಎರಡು ಗಂಟೆಯಾದೊಡನೆ ಅದನ್ನು ಒಂದು ಗಂಟೆಯೆಂದು ಎಣಿಸತಕ್ಕದ್ದೆಂಬುದು ಇಲ್ಲಿಯ ಸರ್ಕಾರದ ಕಟ್ಟಳೆ. ಕೆನಡಾದ ಬಹುಭಾಗದಲ್ಲಿಯೂ ಇದೇ ಕ್ರಮ. ಇಂಗ್ಲೆಂಡಿನಲ್ಲಿಯೂ ಯೂರೋಪಿನ ಹೆಚ್ಚಿನ ದೇಶಗಳಲ್ಲಿಯೂ ಇದು ಅಕ್ಟೋಬರಿನ ಕೊನೆಯ ಭಾನುವಾರವೇ ಮುಗಿದಿರುತ್ತದೆ. ಮಾರ್ಚ್ ತಿಂಗಳಲ್ಲಿ ಮುಂದಕ್ಕೆ ತಳ್ಳಿದ್ದ ಗಡಿಯಾರವನ್ನು ಹೀಗೆ ಹಿಂದಕ್ಕೆ ತಂದು ಚಳಿಗಾಲವನ್ನು ಬರಮಾಡಿಕೊಳ್ಳುತ್ತಾರೆ. ಊರಿನಲ್ಲಿರುವ ವಾಚಕರಿಗೆ ಇದು ಮಕ್ಕಳಾಟದಂತೆ ತೋರಬಹುದು. ತಿಥಿ, ಅರುಣೋದಯ, ಪಾರಣೆಗಳ ಲೆಕ್ಕವನ್ನು ನಂಬಿ ಬದುಕುವ ನಮಗಾದರೋ ಆ ಒಂದು ಗಂಟೆಯು ಒಂದು ಉಪವಾಸವನ್ನೇ ತಪ್ಪಿಸಬಲ್ಲುದು. ಈ ವಿಷಯವನ್ನು ಕುರಿತು ಪ್ರಕೃತ ಕೊಂಚ ವಿಸ್ತಾರವಾಗಿಯೇ ಬರೆಯಬೇಕೆಂದು ಹಲವು ಗೃಹಿಣಿಯರು ಕೇಳಿದುದರಿಂದ ನಮಗೆ ತಿಳಿದಷ್ಟನ್ನು ನಿವೇದಿಸುತ್ತಿದ್ದೇವೆ.

ದೂರದ ಉದಾಹರಣೆ ಬೇಡ. ೨೦೨೫ನೆಯ ಇಸವಿಯ ಉತ್ಥಾನ ದ್ವಾದಶಿಯನ್ನೇ ನೋಡೋಣ. ಆ ವರ್ಷ ಕಾರ್ತಿಕ ಶುಕ್ಲ ಏಕಾದಶಿಯು ದೃಗ್ಗಣಿತದಂತೆ ಭಾರತದ ಗಡಿಯಾರದಲ್ಲಿ ನವೆಂಬರ್ ೧ನೆಯ ಶನಿವಾರ ಬೆಳಗ್ಗೆ ಸುಮಾರು ೯-೧೧ಕ್ಕೆ ಮೊದಲಾಗಿ, ಭಾನುವಾರ ಬೆಳಗ್ಗೆ ೭-೩೧ರ ಸುಮಾರಿಗೆ ಮುಗಿಯಿತು. ಊರಿನಲ್ಲಿ ಶನಿವಾರದ ಅರುಣೋದಯಕ್ಕೆ ದಶಮಿಯೇ ಇದ್ದುದರಿಂದ ದೃಗ್ಗಣಿತವನ್ನು ಅನುಸರಿಸುವವರಿಗೆ ಉಪವಾಸ ಭಾನುವಾರ. ಅಮೆರಿಕದ ಪೂರ್ವತೀರದಲ್ಲಿ ಅದೇ ಏಕಾದಶಿಯು ಶುಕ್ರವಾರ ರಾತ್ರಿ ಸುಮಾರು ೧೧-೪೧ಕ್ಕೇ ಬಂದಿತ್ತು. ಆದ್ದರಿಂದ ನಮಗೆ ಉಪವಾಸ ಶನಿವಾರ. ಆ ಶನಿವಾರದ ರಾತ್ರಿಯೇ ಗಡಿಯಾರವು ಹಿಂದಕ್ಕೆ ಸರಿಯಿತು. ಮರುದಿನ, ನವೆಂಬರ್ ೨ರ ಭಾನುವಾರ, ಉತ್ಥಾನ ದ್ವಾದಶಿ.

ಪಾರಣೆಗೆ ಅಂದು ತೊಡಕೇನೂ ಇರಲಿಲ್ಲ. ಹರಿವಾಸರವು ಸೂರ್ಯೋದಯಕ್ಕೆ ಬಹು ಮುಂಚೆಯೇ ಕಳೆದಿತ್ತು. ತೊಡಕಾದುದು ಸಾಯಂಕಾಲದ ತುಳಸೀಪೂಜೆಯಲ್ಲಿ. ದ್ವಾದಶಿಯು ಭಾರತದಲ್ಲಿ ಸೋಮವಾರ ಬೆಳಗಿನ ಜಾವ ೫-೦೭ರ ಸುಮಾರಿಗೆ ಮುಗಿಯುತ್ತಿತ್ತು. ಹಿಂದಿನ ದಿನದವರೆಗೂ ಭಾರತದ ಗಂಟೆಯಿಂದ ಒಂಬತ್ತೂವರೆ ಗಂಟೆ ಕಳೆದರೆ ಇಲ್ಲಿಯ ಗಂಟೆ ಸಿಕ್ಕುತ್ತಿತ್ತು. ಅದೇ ಅಭ್ಯಾಸದಿಂದ ಕಳೆದವರಿಗೆ ದ್ವಾದಶಿಯು ಭಾನುವಾರ ರಾತ್ರಿ ೭-೩೭ರವರೆಗೆ ಇದ್ದಂತೆ ಕಂಡಿತು. ಗಡಿಯಾರ ಬದಲಾದ ಮೇಲೆ ಕಳೆಯಬೇಕಾದುದು ಹತ್ತೂವರೆ ಗಂಟೆ. ವಾಸ್ತವವಾಗಿ ತಿಥಿಯು ೬-೩೭ಕ್ಕೇ ತೀರುತ್ತಿತ್ತು. ಏಳು ಗಂಟೆಗೆ ತುಳಸೀವಿವಾಹವೆಂದು ನೆರೆಹೊರೆಯವರನ್ನು ಕರೆದಿದ್ದ ಮನೆಗಳಲ್ಲಿ ಮಂಗಳಾರತಿಯ ಹೊತ್ತಿಗೆ ತ್ರಯೋದಶಿ ಬಂದಿರುತ್ತಿತ್ತು. ಅಷ್ಟೇ ಅಲ್ಲದೆ, ಶನಿವಾರ ೫-೫೨ರ ಸುಮಾರಿಗೆ ಆದ ಸೂರ್ಯಾಸ್ತವು ಭಾನುವಾರ ೪-೫೧ಕ್ಕೇ ಆಗಿಹೋದುದರಿಂದ ಗೋಧೂಳಿಯ ಹೊತ್ತಿನಲ್ಲಿ ದೀಪ ಹಚ್ಚಬೇಕೆಂದಿದ್ದವರೂ ಬೇಸ್ತು ಬಿದ್ದರು.

ಇದನ್ನು ಪರರ ತಪ್ಪೆಂದು ಹೇಳುವ ಅಧಿಕಾರ ನಮಗಿಲ್ಲ. ನಾವು ನ್ಯೂ ಜೆರ್ಸಿಗೆ ಬಂದ ಮೊದಲ ವರ್ಷ ಇದಕ್ಕಿಂತ ದೊಡ್ಡ ತಪ್ಪನ್ನೇ ಮಾಡಿದ್ದೆವು. ಊರಿನಿಂದ ತಂದ ಪಂಚಾಂಗದ ಪಕ್ಕದಲ್ಲಿ ಅಡಿಗೆಮನೆಯ ಗೋಡೆಗೆ ಒಂದು ಚೀಟಿ ಅಂಟಿಸಿದ್ದೆವು: ‘ಒಂಬತ್ತೂವರೆ ಕಳೆಯುವುದು.’ ಬಂದದ್ದು ಬೇಸಗೆಯಲ್ಲಿ. ಆಗ ಅದು ಸರಿಯಾಗಿಯೇ ಇತ್ತು. ನವೆಂಬರಿನಲ್ಲಿ ಮನೆಯ ಎಲ್ಲ ಗಡಿಯಾರಗಳನ್ನೂ ಹಿಂದಕ್ಕೆ ತಿರುಗಿಸಿದೆವು. ಚೀಟಿಯು ಗೋಡೆಯ ಮೇಲೆ ಹಾಗೆಯೇ ಉಳಿಯಿತು. ಡಿಸೆಂಬರ್ ಮೊದಲಲ್ಲಿ ಒಂದು ಏಕಾದಶಿ. ದಶಮಿಯು ಗುರುವಾರ ಮಧ್ಯಾಹ್ನ ೩-೨೦ರವರೆಗೆ ಎಂದು ಪಂಚಾಂಗ. ಚೀಟಿಯಂತೆ ಕಳೆದಾಗ ಇಲ್ಲಿ ಗುರುವಾರ ಬೆಳಗಿನ ಜಾವ ೫-೫೦ ಬಂದಿತು. ಅಂದಿನ ಸೂರ್ಯೋದಯ ೭-೦೩; ಅರುಣೋದಯ ೫-೨೭. ಅರುಣೋದಯದಲ್ಲಿ ದಶಮಿ ಇದೆಯೆಂದು ಗುರುವಾರದ ಏಕಾದಶಿಯನ್ನು ವಿದ್ಧವೆಂದು ಬಿಟ್ಟು, ಶುಕ್ರವಾರ ಉಪವಾಸವೆಂದು ನಿಶ್ಚಯಿಸಿದೆವು. ಊರಿನಲ್ಲಿಯೂ ಶುಕ್ರವಾರವೇ ಉಪವಾಸವೆಂದು ಮನೆಯಿಂದ ತಿಳಿದಾಗ ಸಂಶಯವೇ ಉಳಿಯಲಿಲ್ಲ. ಗುರುವಾರ ಸಾರು, ಹುಳಿ, ಅನ್ನ ಎಲ್ಲವನ್ನೂ ಉಂಡೆವು.

ಶುಕ್ರವಾರ ಬೆಳಗ್ಗೆ ಪಕ್ಕದ ಊರಿನ ವೃದ್ಧರಾದ ಆಚಾರ್ಯರೊಬ್ಬರು ದೂರವಾಣಿಯಲ್ಲಿ ಕುಶಲ ವಿಚಾರಿಸುತ್ತಾ, “ಪಾರಣೆ ಆಯಿತೇ?” ಎಂದರು.

“ಉಪವಾಸ ಇಂದಲ್ಲವೇ, ಆಚಾರ್ಯರೇ?”

ಅವರು ಒಂದು ಕ್ಷಣ ಸುಮ್ಮನಿದ್ದು, “ಗಡಿಯಾರ ಹಿಂದಕ್ಕೆ ಇಟ್ಟಿರಿ ತಾನೆ?” ಎಂದರು.

“ಇಟ್ಟೆವು.”

“ಲೆಕ್ಕವನ್ನು ಇಟ್ಟಿರಾ?”

ಆಗ ನಮಗೆ ಗೋಡೆಯ ಚೀಟಿ ಕಣ್ಣಿಗೆ ಬಿದ್ದಿತು. ಹತ್ತೂವರೆ ಕಳೆದಿದ್ದರೆ ದಶಮಿಯು ೪-೫೦ಕ್ಕೇ, ಅರುಣೋದಯಕ್ಕೆ ೩೭ ನಿಮಿಷ ಮುಂಚೆಯೇ ಮುಗಿದಿತ್ತು. ಗುರುವಾರದ ಏಕಾದಶಿ ಶುದ್ಧವಾಗಿಯೇ ಇತ್ತು. ನಾವು ಅಂದು ಉಂಡು, ಪಾರಣೆ ಮಾಡಬೇಕಾದ ದ್ವಾದಶಿಯಂದು ಉಪವಾಸ ಕುಳಿತಿದ್ದೆವು. ಅವರು ಬೈಯಲಿಲ್ಲ. ಹಿಡಿದ ಉಪವಾಸವನ್ನು ನಡುವೆ ಮುರಿಯದೆ ಅಂದು ಪೂರ್ತಿ ನಡೆಸಿ, ಮನೆಯ ಗುರುಹಿರಿಯರನ್ನು ಕೇಳಿ ಮುಂದಿನದನ್ನು ಮಾಡಿರೆಂದರು. ಊರಿನವರೊಡನೆ ದಿನ ಹೊಂದಿತೆಂಬ ಸಮಾಧಾನವೇ ನಮ್ಮನ್ನು ಮೋಸಗೊಳಿಸಿತೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಇದಕ್ಕೆ ಕಾರಣವನ್ನು ಸ್ಪಷ್ಟವಾಗಿ ತಿಳಿದರೆ ಮುಂದೆ ಯಾವ ಚೀಟಿಯ ಹಂಗೂ ಇರುವುದಿಲ್ಲ. ಸೂರ್ಯಚಂದ್ರರ ನಡುವಿನ ಅಂತರವು ಹನ್ನೆರಡು ಅಂಶ ಬೆಳೆದರೆ ಒಂದು ತಿಥಿ. ಅದು ಆಕಾಶದಲ್ಲಿ ನಡೆಯುವ ಸಂಗತಿಯಾದುದರಿಂದ ತಿಥಿಯ ಆರಂಭವೂ ಅಂತ್ಯವೂ ಭೂಮಂಡಲಕ್ಕೆಲ್ಲ ಏಕಕಾಲದಲ್ಲಿಯೇ. ಉಡುಪಿಗೆ ಬಂದ ಏಕಾದಶಿಯು ಅದೇ ಕ್ಷಣದಲ್ಲಿ ಲಂಡನ್ನಿಗೂ ಬಂದಿರುತ್ತದೆ. ಸೂರ್ಯೋದಯವಾದರೋ ಆಯಾ ಊರಿನದು. ಅರುಣೋದಯವೆಂದರೆ ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮುಂಚಿನ ಕಾಲ. ಘಳಿಗೆಗೆ ೨೪ ನಿಮಿಷದಂತೆ ೯೬ ನಿಮಿಷ. ಈ ಅವಧಿಯಲ್ಲಿ ದಶಮಿಯ ಸ್ಪರ್ಶವಿದ್ದರೆ ಆ ಏಕಾದಶಿಯನ್ನು ಬಿಡತಕ್ಕದ್ದೆಂದು ಶ್ರೀಮದಾಚಾರ್ಯರು ‘ಕೃಷ್ಣಾಮೃತಮಹಾರ್ಣವ’ದಲ್ಲಿ ಬಹಳ ಒತ್ತಿ ಹೇಳಿರುವರು. ಎಂದಮೇಲೆ ಎಲ್ಲರಿಗೂ ಸಮಾನವಾದ ತಿಥಿಯನ್ನು ನಮ್ಮೂರಿನ ಸೂರ್ಯೋದಯದ ಪಕ್ಕದಲ್ಲಿ ಇಟ್ಟು ನೋಡುವುದೇ ನಿರ್ಣಯ. ಈ ಎರಡರಲ್ಲಿ ಯಾವುದೂ ಗಡಿಯಾರದಿಂದ ಹುಟ್ಟಿದುದಲ್ಲ. ಗಡಿಯಾರವು ಅವೆರಡನ್ನೂ ಒಂದೇ ಭಾಷೆಯಲ್ಲಿ ಹೇಳುವ ದುಭಾಷಿ ಮಾತ್ರ. ದುಭಾಷಿಯು ಒಂದನ್ನು ಹೊಸ ಭಾಷೆಯಲ್ಲಿಯೂ ಇನ್ನೊಂದನ್ನು ಹಳೆಯ ಭಾಷೆಯಲ್ಲಿಯೂ ಹೇಳಿದಾಗ ಅನರ್ಥವಾಗುತ್ತದೆ.

ಪರದೇಶಕ್ಕೆಂದೇ ಮುದ್ರಿಸಿದ ಪಂಚಾಂಗಗಳಿದ್ದರೆ ಈ ಕಷ್ಟವಿಲ್ಲವೆಂದು ಕೆಲವರು ಹೇಳುವರು. ಅಲ್ಲಿಯೂ ಎಚ್ಚರ ಬೇಕು. ಕೆಲವು ಪಂಚಾಂಗಗಳು ವರ್ಷವಿಡೀ ಚಳಿಗಾಲದ ಗಂಟೆಯನ್ನೇ ಕೊಟ್ಟು, ಬೇಸಗೆಯಲ್ಲಿ ಒಂದು ಕೂಡಿಸಿಕೊಳ್ಳಿರೆಂದು ಮೊದಲ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹೇಳಿರುತ್ತವೆ. ಕೆಲವು ತಾವೇ ಕೂಡಿಸಿ ಕೊಡುತ್ತವೆ. ಕೂಡಿಸಿದ್ದಕ್ಕೆ ಮತ್ತೆ ಕೂಡಿಸಿದವರನ್ನು ನಾವು ಬಲ್ಲೆವು. ಪರೀಕ್ಷೆ ಸುಲಭ. ಅಂದಿನ ಸೂರ್ಯೋದಯದ ಗಂಟೆಯನ್ನು ಪಂಚಾಂಗದಲ್ಲಿ ನೋಡಿ, ಕಿಟಕಿಯ ಹೊರಗೂ ನೋಡಿರಿ. ಎರಡಕ್ಕೂ ಒಂದು ಗಂಟೆಯ ವ್ಯತ್ಯಾಸವಿದ್ದರೆ ಪಂಚಾಂಗವು ಯಾವ ಗಡಿಯಾರವನ್ನು ಹಿಡಿದಿದೆಯೆಂಬುದು ತಾನಾಗಿಯೇ ತಿಳಿಯುತ್ತದೆ. ದೃಗ್ಗಣಿತ, ಸೂರ್ಯಸಿದ್ಧಾಂತಗಳ ಭೇದದಿಂದ ಮಠಮಠಕ್ಕೆ ಬರುವ ವ್ಯತ್ಯಾಸವು ಬೇರೆಯೇ ವಿಷಯ. ಅದರಲ್ಲಿ ನಿಮ್ಮ ಮಠದ ಪಂಚಾಂಗವೇ ಪ್ರಮಾಣ.

ಇಷ್ಟು ತೊಂದರೆ ಕೊಡುವ ಈ ಪದ್ಧತಿಯನ್ನು ಯಾರು ತಂದರೆಂದು ಮಕ್ಕಳು ಕೇಳುತ್ತಾರೆ. ನ್ಯೂಜಿಲೆಂಡಿನಲ್ಲಿ ಜಾರ್ಜ್ ಹಡ್ಸನ್ ಎಂಬ ಕೀಟಶಾಸ್ತ್ರಜ್ಞನಿದ್ದನು. ಕೆಲಸ ಮುಗಿದ ಮೇಲೆ ಹುಳುಗಳನ್ನು ಹುಡುಕಲು ಬೆಳಕು ಸಾಲದೆಂದು, ಬೇಸಗೆಯಲ್ಲಿ ಗಡಿಯಾರವನ್ನು ಎರಡು ಗಂಟೆ ಮುಂದಿಡಬೇಕೆಂದು ೧೮೯೫ರಲ್ಲಿ ಅವನು ಸೂಚಿಸಿದನು. ಇಂಗ್ಲೆಂಡಿನ ವಿಲಿಯಂ ವಿಲೆಟ್ ಎಂಬ ಮನೆ ಕಟ್ಟಿಸುವ ವೃತ್ತಿಯವನು, ಬೇಸಗೆಯ ಮುಂಜಾನೆ ಕುದುರೆಯೇರಿ ಹೋಗುವಾಗ ಬಿಸಿಲು ಬಂದಿದ್ದರೂ ಮನೆಗಳ ಕಿಟಕಿಪರದೆಗಳು ಮುಚ್ಚಿರುವುದನ್ನು ಕಂಡು ಮರುಗಿ, ೧೯೦೭ರಲ್ಲಿ ಒಂದು ಪುಸ್ತಿಕೆಯನ್ನು ಅಚ್ಚು ಹಾಕಿಸಿದನು. ಏಪ್ರಿಲ್ ತಿಂಗಳ ನಾಲ್ಕು ಭಾನುವಾರಗಳಲ್ಲಿ ಇಪ್ಪತ್ತಿಪ್ಪತ್ತು ನಿಮಿಷದಂತೆ ಮುಂದಿಡಬೇಕೆಂಬುದು ಅವನ ಯೋಜನೆ. ೧೯೧೫ರಲ್ಲಿ ತೀರಿಕೊಂಡ ಅವನಿಗೆ ಅದನ್ನು ನೋಡುವ ಯೋಗವಿರಲಿಲ್ಲ. ಮರುವರ್ಷವೇ, ೧೯೧೬ರ ಏಪ್ರಿಲ್ ೩೦ರಂದು, ಮಹಾಯುದ್ಧದ ನಡುವೆ ಕಲ್ಲಿದ್ದಲು ಉಳಿಸಲೆಂದು ಜರ್ಮನಿಯು ಗಡಿಯಾರವನ್ನು ಮುಂದಿಟ್ಟಿತು. ಮೂರು ವಾರಗಳಲ್ಲಿ ಇಂಗ್ಲೆಂಡೂ ಇಟ್ಟಿತು. ಅಮೆರಿಕಕ್ಕೆ ೧೯೧೮ರಲ್ಲಿ ಬಂದಿತು. ಈಗಿರುವ ಮಾರ್ಚ್ ಎರಡನೆಯ ಭಾನುವಾರ, ನವೆಂಬರ್ ಮೊದಲನೆಯ ಭಾನುವಾರಗಳ ನಿಯಮವು ೨೦೦೭ರಿಂದ ಜಾರಿಯಲ್ಲಿದೆ. ಅರಿಝೋನಾದ ಬಹುಭಾಗದಲ್ಲಿಯೂ ಹವಾಯಿಯಲ್ಲಿಯೂ ಇದನ್ನು ಆಚರಿಸುವುದಿಲ್ಲ. ಅಲ್ಲಿರುವ ನಮ್ಮವರು ಪುಣ್ಯವಂತರು. ೧೯೭೪ರ ಜನವರಿಯಲ್ಲಿ ಅಮೆರಿಕವು ಚಳಿಗಾಲದಲ್ಲಿಯೂ ಮುಂದಿನ ಗಂಟೆಯನ್ನೇ ಇರಿಸಿಕೊಂಡು ನೋಡಿತು. ಕತ್ತಲೆಯಲ್ಲಿ ಮಕ್ಕಳು ಶಾಲೆಗೆ ಹೋಗಬೇಕಾಗಿ ಬಂದು, ಅದೇ ವರ್ಷದ ಅಕ್ಟೋಬರಿನಲ್ಲಿ ಕೈಬಿಟ್ಟಿತು. ಈ ಬದಲಾವಣೆಯನ್ನೇ ನಿಲ್ಲಿಸಬೇಕೆಂದು ಯೂರೋಪಿನ ಸಂಸತ್ತು ೨೦೧೯ರಲ್ಲಿ ಮತ ಹಾಕಿತು. ೨೦೨೨ರಲ್ಲಿ ಅಮೆರಿಕದ ಸೆನೆಟ್ ಸಭೆಯೂ ಒಂದು ಮಸೂದೆಯನ್ನು ಒಪ್ಪಿತು. ಎರಡೂ ಕೊನೆ ಮುಟ್ಟಲಿಲ್ಲ.

ನಾವು ಇದನ್ನು ಪರದೇಶದವರ ಹುಚ್ಚೆಂದು ನಗುವಂತಿಲ್ಲ. ಊರಿನ ಗಡಿಯಾರವಾದರೂ ಊರಿನ ಸೂರ್ಯನನ್ನು ಅನುಸರಿಸುತ್ತದೆಯೇ? ೧೯೦೬ರ ಜನವರಿ ೧ರಿಂದ ಜಾರಿಗೆ ಬಂದ ಭಾರತೀಯ ಕಾಲಮಾನವು ಪೂರ್ವ ರೇಖಾಂಶ ಎಂಬತ್ತೆರಡೂವರೆಯದು. ಉಡುಪಿಯು ಸುಮಾರು ಎಪ್ಪತ್ತನಾಲ್ಕೂಮುಕ್ಕಾಲರಲ್ಲಿದೆ. ಅಂಶಕ್ಕೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಉಡುಪಿಯ ಸ್ವಂತ ಕಾಲವು ಗಡಿಯಾರಕ್ಕಿಂತ ೩೧ ನಿಮಿಷ ಹಿಂದೆ. ಬೊಂಬಾಯಿ ನಗರವು ೧೯೫೫ರವರೆಗೂ ತನ್ನದೇ ಕಾಲವನ್ನು ಇಟ್ಟುಕೊಂಡಿತ್ತೆಂಬುದನ್ನು ಹಿರಿಯರು ಬಲ್ಲರು.

ಇಲ್ಲಿ ಜಾತಕ ಬರೆಯಿಸುವವರಿಗೆ ಅತ್ಯವಶ್ಯವಾದ ಒಂದು ಮಾತಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿಯೂ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು: ೧೯೪೨ರ ಸೆಪ್ಟೆಂಬರ್ ೧ರಿಂದ ೧೯೪೫ರ ಅಕ್ಟೋಬರ್ ೧೫ರವರೆಗೆ. ಆ ಮೂರು ವರ್ಷಗಳಲ್ಲಿ ಜನಿಸಿದ ನಮ್ಮ ತಂದೆತಾಯಿಗಳ ಜನನಕಾಲವನ್ನು ಗಡಿಯಾರ ನೋಡಿ ಬರೆದಿದ್ದರೆ ಅದರಲ್ಲಿ ಒಂದು ಗಂಟೆ ಕಳೆಯಬೇಕು. ಘಳಿಗೆಗಳಲ್ಲಿ ಸೂರ್ಯೋದಯಾದಿಯಾಗಿ ಬರೆದಿದ್ದರೆ ಕಳೆಯಬಾರದು. ಲಗ್ನವು ಸುಮಾರು ಎರಡು ಗಂಟೆಗೊಮ್ಮೆ ರಾಶಿಯನ್ನು ಬದಲಿಸುವುದರಿಂದ ಈ ಒಂದು ಗಂಟೆ ಸಣ್ಣದಲ್ಲ. ಇಲ್ಲಿ ಹುಟ್ಟುವ ಮಕ್ಕಳ ವಿಷಯವೂ ಹೀಗೆಯೇ. ನವೆಂಬರಿನ ಆ ರಾತ್ರಿ ಒಂದರಿಂದ ಎರಡರವರೆಗಿನ ಗಂಟೆಯು ಎರಡು ಬಾರಿ ಬರುತ್ತದೆ. ಒಂದೂವರೆಗೆ ಹುಟ್ಟಿದ ಮಗುವಿನ ಜಾತಕದಲ್ಲಿ ‘ಮೊದಲನೆಯ ಒಂದೂವರೆ’ ಅಥವಾ ‘ಎರಡನೆಯ ಒಂದೂವರೆ’ ಎಂದು ಬರೆದಿಡದಿದ್ದರೆ ಮುಂದೆ ಯಾವ ಜೋಯಿಸರೂ ಸಹಾಯ ಮಾಡಲಾರರು. ೨೦೨೫ರ ಏಕಾದಶಿಯ ರಾತ್ರಿ ಜಾಗರಣೆಗೆ ಕುಳಿತಿದ್ದ ಮಕ್ಕಳು, ಗೋಡೆಯ ಗಡಿಯಾರವು ಮತ್ತೆ ಒಂದು ಗಂಟೆ ತೋರಿಸಿದಾಗ, ಮುಗಿದ ಭಜನೆಗಳನ್ನು ಮೊದಲಿನಿಂದ ಹೇಳಬೇಕೇ ಎಂದು ಕೇಳಿ ಎಲ್ಲರನ್ನೂ ನಗಿಸಿದರು.

ವಿಚಾರ ಮಾಡಿದರೆ ನಮ್ಮ ಶಾಸ್ತ್ರವು ಗಡಿಯಾರವನ್ನು ವರ್ಷಕ್ಕೆರಡು ಬಾರಿಯಲ್ಲ, ಪ್ರತಿದಿನವೂ ಬದಲಿಸುತ್ತದೆ. ಹಗಲನ್ನು ಹದಿನೈದು ಮುಹೂರ್ತಗಳಾಗಿ ಭಾಗಿಸುವುದು, ಅವುಗಳಲ್ಲಿ ಮೂರು ಮೂರನ್ನು ಸೇರಿಸಿ ಪ್ರಾತಃಕಾಲ, ಸಂಗವ, ಮಧ್ಯಾಹ್ನ, ಅಪರಾಹ್ಣ, ಸಾಯಾಹ್ನ ಎಂದು ಐದು ಭಾಗ ಮಾಡುವುದು ಎಲ್ಲರಿಗೂ ತಿಳಿದದ್ದೇ. ಹಗಲು ಕುಗ್ಗಿದಂತೆ ಮುಹೂರ್ತವೂ ಕುಗ್ಗುತ್ತದೆ. ಡಿಸೆಂಬರ್ ೨೧ರ ಸುಮಾರಿನಲ್ಲಿ ಉಡುಪಿಯ ಹಗಲು ಸುಮಾರು ೧೧ ಗಂಟೆ ೨೦ ನಿಮಿಷ. ಮುಹೂರ್ತಕ್ಕೆ ೪೫ ನಿಮಿಷ. ನ್ಯೂಯಾರ್ಕಿನಲ್ಲಿ ಅಂದು ಹಗಲು ಒಂಬತ್ತೂಕಾಲು ಗಂಟೆ. ಮುಹೂರ್ತಕ್ಕೆ ೩೭ ನಿಮಿಷ. ಲಂಡನ್ನಿನಲ್ಲಿ ಎಂಟು ಗಂಟೆಯೂ ತುಂಬದ ಹಗಲು. ಅಲ್ಲಿ ಮುಹೂರ್ತವೆಂದರೆ ೩೧ ನಿಮಿಷ. ಅದೇ ನ್ಯೂಯಾರ್ಕಿನಲ್ಲಿ ಜೂನ್ ತಿಂಗಳ ಕೊನೆಯಲ್ಲಿ ಹಗಲಿನ ಮುಹೂರ್ತವು ಪೂರ್ತಿ ೬೦ ನಿಮಿಷ ಇರುತ್ತದೆ. ‘ಮುಹೂರ್ತವೆಂದರೆ ೪೮ ನಿಮಿಷ’ ಎಂದು ಬಾಯಿಪಾಠ ಮಾಡಿದವರು ಹಗಲು ರಾತ್ರಿ ಸಮನಾಗಿರುವ ದಿನದ ಲೆಕ್ಕವನ್ನು ಹೇಳುತ್ತಿರುವರೆಂದು ತಿಳಿಯಬೇಕು.

ಇದು ಶ್ರಾದ್ಧ ಮಾಡುವವರಿಗೆ ಬಹಳ ಮುಖ್ಯ. ಕುತಪವು ಹಗಲಿನ ಎಂಟನೆಯ ಮುಹೂರ್ತ, ಎಂದರೆ ನಟ್ಟನಡುವಿನದು. ಗಡಿಯಾರದ ಹನ್ನೆರಡಕ್ಕೂ ಇದಕ್ಕೂ ನಿಯತವಾದ ಸಂಬಂಧವಿಲ್ಲ. ನವೆಂಬರ್ ಆರಂಭದಲ್ಲಿ ನ್ಯೂ ಜೆರ್ಸಿಯಲ್ಲಿ ನಡುಹಗಲು ಗಡಿಯಾರ ಬದಲಾಗುವ ಹಿಂದಿನ ದಿನ ೧೨-೪೦ಕ್ಕೂ ಮರುದಿನ ೧೧-೪೦ಕ್ಕೂ ಬರುತ್ತದೆ. ಆಗ ಕುತಪಕಾಲ ಸುಮಾರು ೧೧-೨೦ರಿಂದ ೧೨ರವರೆಗೆ. ಹಿಂದಿನ ತಿಂಗಳ ಅಭ್ಯಾಸದಿಂದ ಪುರೋಹಿತರನ್ನು ಹನ್ನೆರಡೂವರೆಗೆ ಬರಹೇಳಿದವರು ಅದನ್ನು ಕಳೆದುಕೊಂಡಿರುತ್ತಾರೆ.

ಸಂಧ್ಯಾವಂದನೆಯ ಮಾತಿಗೆ ಬರೋಣ. ಚಳಿಗಾಲದಲ್ಲಿ ಪ್ರಾತಃಸಂಧ್ಯೆಗೆ ಅನುಕೂಲವೇ ಹೆಚ್ಚು. ಸಾಯಂಸಂಧ್ಯೆಗೆ ಮಾತ್ರ ನಾಲ್ಕೂವರೆ ಐದರ ಸೂರ್ಯಾಸ್ತವು ಕಚೇರಿಯಲ್ಲಿಯೇ ಆಗಿಹೋಗುತ್ತದೆ. ಕಾಲ ಮೀರಿದಾಗ ಪ್ರಾಯಶ್ಚಿತ್ತಾರ್ಘ್ಯವನ್ನು ಹೆಚ್ಚಾಗಿ ಕೊಡುವ ವಿಧಿಯಿದೆ. ಮನೆಗೆ ಬಂದು ಕೈಕಾಲು ತೊಳೆದು ಅದರೊಡನೆ ಮಾಡುವುದು ಬಿಡುವುದಕ್ಕಿಂತ ಸಾವಿರಪಾಲು ಮೇಲು. ಶನಿವಾರ ಭಾನುವಾರಗಳಲ್ಲಿ ಈ ನೆಪವಿಲ್ಲ. ಆದರೂ ಆ ಎರಡು ದಿನಗಳಲ್ಲಿಯೂ ಏಳು ಗಂಟೆಗೇ ಅರ್ಘ್ಯ ಕೊಡುವವರಿದ್ದಾರೆ. ಅವರು ಬೇಸಗೆಯ ಗಂಟೆಯಲ್ಲಿಯೇ ಉಳಿದಿರುವರೇನೋ!

ತುಳಸಿಯ ವಿಷಯದಲ್ಲಿ ಗೃಹಿಣಿಯರಿಗೆ ಎರಡು ಮಾತು. ಸೂರ್ಯಾಸ್ತದ ಮೇಲೆ ತುಳಸಿಯನ್ನು ಕೊಯ್ಯುವಂತಿಲ್ಲ. ದ್ವಾದಶಿಯಂದು ಹಗಲಿನಲ್ಲಿಯೂ ಇಲ್ಲ. ಚಳಿಗಾಲದಲ್ಲಿ ಕೆಲಸದಿಂದ ಹಿಂದಿರುಗುವ ವೇಳೆಗೆ ಕತ್ತಲೆಯಾಗಿರುವುದರಿಂದ ಮರುದಿನದ ಪೂಜೆಗೆ ಬೇಕಾದುದನ್ನು ಬೆಳಗ್ಗೆಯೇ ತೆಗೆದಿಡುವುದು ಒಳಿತು. ಎರಡನೆಯದು, ಗಿಡವನ್ನು ಉಳಿಸಿಕೊಳ್ಳುವ ಮಾತು. ಹಿಮ ತಾಗಿದರೆ ಒಂದೇ ರಾತ್ರಿಯಲ್ಲಿ ಎಲೆಗಳು ಕಪ್ಪಾಗಿ ಗಿಡ ಸಾಯುತ್ತದೆ. ರಾತ್ರಿಯ ಉಷ್ಣತೆ ೧೦ ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯತೊಡಗಿದಾಗಲೇ ಕುಂಡವನ್ನು ಒಳಗೆ ತಂದು ದಕ್ಷಿಣದ ಕಿಟಕಿಯ ಬಳಿ ಇಡಬೇಕು. ನೀರನ್ನು ಬೇಸಗೆಯಂತೆ ಸುರಿಯದೆ ಮಣ್ಣು ಒಣಗಿದ ಮೇಲೆ ಮಾತ್ರ ಹಾಕಬೇಕು. ಒಲೆಯ ಬಿಸಿಗಾಳಿ ಬರುವ ಜಾಗ ಬೇಡ. ಗಡಿಯಾರ ಬದಲಿಸುವ ದಿನದವರೆಗೆ ಕಾಯುವುದೂ ಬೇಡ. ನಮ್ಮ ಸೀಮೆಯಲ್ಲಿ ಮೊದಲ ಹಿಮವು ಹಲವು ವರ್ಷ ಅದಕ್ಕೆ ಮುಂಚೆಯೇ ಬೀಳುತ್ತದೆ. ಉತ್ಥಾನ ದ್ವಾದಶಿಯಂದು ತುಳಸಿಯ ಜೊತೆಗೆ ನೆಡುವ ನೆಲ್ಲಿಯ ಟೊಂಗೆ ಇಲ್ಲಿ ದೊರೆಯುವುದು ದುರ್ಲಭ. ಭಾರತೀಯ ಅಂಗಡಿಗಳಲ್ಲಿ ಸಿಕ್ಕುವ ನೆಲ್ಲಿಕಾಯನ್ನೇ ಕುಂಡದಲ್ಲಿಟ್ಟು ಪೂಜಿಸುವ ರೂಢಿಯನ್ನು ಅನೇಕ ಮನೆಗಳಲ್ಲಿ ಕಂಡಿದ್ದೇವೆ.

ಇಷ್ಟು ಹೊತ್ತಿಗೆ ಕತ್ತಲೆಯಾಗುವುದೆಂದು ದುಃಖಿಸುವವರಿಗೆ ನಾವು ಹೇಳುವುದೊಂದೇ: ಕಾರ್ತಿಕದ ದೀಪಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಯಾವುದು? ಉಡುಪಿಯಲ್ಲಿ ಆಶ್ವಯುಜ ಶುಕ್ಲ ಏಕಾದಶಿಯಿಂದ ಒಂದು ತಿಂಗಳು ಬೆಳಗಿನ ಜಾವ ಪಶ್ಚಿಮಜಾಗರ ಪೂಜೆ ನಡೆದು, ಉತ್ಥಾನ ದ್ವಾದಶಿಯಿಂದ ಲಕ್ಷದೀಪೋತ್ಸವ ತೊಡಗುತ್ತದೆ. ರಥಬೀದಿಯ ಆ ಹಣತೆಗಳನ್ನು ಕಂಡವರು ಇಲ್ಲಿ ಐದು ಗಂಟೆಯ ಕತ್ತಲೆಯಲ್ಲಿ ಮಕ್ಕಳೊಡನೆ ನಾಲ್ಕು ಹಣತೆ ಹಚ್ಚಿದರೂ ಮನಸ್ಸು ಅಲ್ಲಿಗೆ ಹೋಗುತ್ತದೆ. ಬೇಸಗೆಯಲ್ಲಿ ಮಕ್ಕಳು ಮಲಗುವ ಹೊತ್ತಿಗೂ ಬೆಳಕಿರುವ ಈ ದೇಶದಲ್ಲಿ, ಅವರು ದೀಪವನ್ನು ದೀಪವೆಂದು ನೋಡುವುದು ಈ ತಿಂಗಳುಗಳಲ್ಲಿಯೇ. ಮನೆಗಳು ಮರದವಾದುದರಿಂದ ಹಣತೆಗಳನ್ನು ಕಿಟಕಿಯ ಪರದೆಯ ಹತ್ತಿರ ಇಡಬಾರದು. ತಟ್ಟೆಯಲ್ಲಿ ಮರಳು ಹಾಕಿ ಇಡುವುದು ಕ್ಷೇಮ.

ಚಾತುರ್ಮಾಸ್ಯದ ಕೊನೆಯದಾದ ದ್ವಿದಳವ್ರತವೂ ಉತ್ಥಾನ ದ್ವಾದಶಿಗೆ ಮುಗಿಯುತ್ತದೆ. ಒಂದು ತಿಂಗಳ ಮೇಲೆ ತೊಗರಿಬೇಳೆಯ ಸಾರಿನ ಕಂಪು ಮನೆಯನ್ನು ತುಂಬುವಾಗ ಹೊರಗಿನ ಚಳಿಯೂ ಹಿತವೆನಿಸುತ್ತದೆ. ಬಂದ ಅತಿಥಿಗಳು ಎರಡನೆಯ ಬಾರಿ ಸಾರು ಕೇಳುವುದು ವರ್ಷದಲ್ಲಿ ಅಂದೇ.

ಆ ಮೇಲೆ ಮಾರ್ಗಶಿರ. ಶರದೃತುವು ಕಾರ್ತಿಕದೊಡನೆ ಮುಗಿದು ಹೇಮಂತವು ಇಲ್ಲಿಂದ ತೊಡಗುತ್ತದೆ. ಮಾಸಗಳಲ್ಲಿ ತಾನು ಮಾರ್ಗಶೀರ್ಷನೆಂದು ಶ್ರೀಕೃಷ್ಣನು ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಹೇಳಿಕೊಂಡ ಮಾಸವಿದು. ಡಿಸೆಂಬರ್ ನಡುವಿನಲ್ಲಿ ಧನುರ್ಮಾಸ. ಅರುಣೋದಯದಲ್ಲಿ ಪೂಜೆ ಮಾಡಿ ಹುಗ್ಗಿಯನ್ನು ನಿವೇದಿಸಬೇಕಾದ ಈ ತಿಂಗಳನ್ನು ಶೀತದೇಶದಲ್ಲಿ ನಡೆಸುವುದು ಅಸಾಧ್ಯವೆಂದು ಹಲವರು ಮೊದಲೇ ಕೈಚೆಲ್ಲುತ್ತಾರೆ. ಲೆಕ್ಕ ಹಾಕಿದರೆ ಇದು ಬರಿಯ ಅಂಜಿಕೆ. ಜನವರಿ ಆರಂಭದಲ್ಲಿ ಉಡುಪಿಯ ಸೂರ್ಯೋದಯವು ಏಳಕ್ಕೆ ಕೆಲವೇ ನಿಮಿಷ ಮುಂಚೆ. ನ್ಯೂಯಾರ್ಕಿನಲ್ಲಿ ಏಳೂ ಇಪ್ಪತ್ತು. ಅರುಣೋದಯವು ಐದೂಮುಕ್ಕಾಲಕ್ಕೆ. ಊರಿನ ಅಜ್ಜಿಯರಿಗಿಂತ ನಾವು ತುಸು ತಡವಾಗಿಯೇ ಏಳಬಹುದು! ಲಂಡನ್ನಿನಲ್ಲಿ ಸೂರ್ಯೋದಯವೇ ಎಂಟರ ಮೇಲೆ. ಅಲ್ಲಿ ಆರೂವರೆಗೆ ಒಲೆ ಹಚ್ಚಿದರೆ ಸಾಕು. ಗಡಿಯಾರವನ್ನು ಹಿಂದಿಡದಿದ್ದರೆ ಇದೆಲ್ಲ ಇನ್ನೂ ಒಂದು ಗಂಟೆ ತಡವಾಗಿ, ನೈವೇದ್ಯಕ್ಕೂ ಶಾಲೆಯ ಬಸ್ಸಿಗೂ ಜಗಳವಾಗುತ್ತಿತ್ತು. ವೃದ್ಧರೂ ರೋಗಿಗಳೂ ತಣ್ಣೀರಿನ ಸ್ನಾನಕ್ಕೆ ಹಟ ಹಿಡಿಯಬೇಕಾಗಿಲ್ಲ. ಬಿಸಿನೀರು ಮಿಂದು ಬಂದು ಕೈ ನಡುಗದೆ ಪೂಜೆ ಮಾಡುವುದು ಲೇಸು. ಮಡಿಬಟ್ಟೆಯನ್ನು ಮಾತ್ರ ಹಿಂದಿನ ದಿನ ಬೆಳಗ್ಗೆಯೇ ಹರವಿಡಬೇಕು. ಸಂಜೆ ಹರವಿದ್ದು ಜಾವಕ್ಕೆ ಒಣಗಿರುವುದಿಲ್ಲ.

ಆಸ್ಟ್ರೇಲಿಯಾದಲ್ಲಿರುವ ಬಂಧುಗಳಿಗೆ ಇದೆಲ್ಲವೂ ತಿರುವುಮುರುವು. ಅಲ್ಲಿ ಗಡಿಯಾರ ಬದಲಿಸುವ ಸೀಮೆಗಳಲ್ಲಿ ಅಕ್ಟೋಬರಿನ ಮೊದಲ ಭಾನುವಾರ ಅದನ್ನು ಮುಂದಕ್ಕೆ ಇಡುತ್ತಾರೆ. ಧನುರ್ಮಾಸವು ನಡುಬೇಸಗೆಯಲ್ಲಿ ಬರುತ್ತದೆ. ಅಲ್ಲಿಯ ಅರುಣೋದಯಕ್ಕೆ ಏಳುವವರೇ ನಿಜವಾದ ಶ್ರಮಿಗಳು.

ಕೊನೆಯದಾಗಿ ಮಾರ್ಚ್ ತಿಂಗಳ ಎಚ್ಚರಿಕೆಯನ್ನು ಈಗಲೇ ಹೇಳಿಬಿಡುತ್ತೇವೆ. ನವೆಂಬರಿನಲ್ಲಿ ಗಡಿಯಾರ ತಿರುಗಿಸಲು ಮರೆತವನು ಒಂದು ಗಂಟೆ ಮುಂಚೆ ಎದ್ದಾನು, ಅಷ್ಟೇ. ಮಾರ್ಚಿನಲ್ಲಿ ಮರೆತವನು ಒಂದು ಗಂಟೆ ತಡವಾಗಿ ಏಳುತ್ತಾನೆ. ಅಂದು ದ್ವಾದಶಿಯು ಸೂರ್ಯೋದಯದ ಮೇಲೆ ಅಲ್ಪಕಾಲ ಮಾತ್ರ ಇದ್ದರೆ ಪಾರಣೆ ಹೋಯಿತೆಂದೇ ಅರ್ಥ. ಕೈಯಲ್ಲಿ ಹಿಡಿಯುವ ದೂರವಾಣಿಗಳು ತಾವೇ ಬದಲಿಸಿಕೊಳ್ಳುತ್ತವೆ. ದೇವರಮನೆಯ ಗಡಿಯಾರವು ಬದಲಿಸಿಕೊಳ್ಳುವುದಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಈಗ ಎರಡು ಚೀಟಿಗಳಿವೆ. ನವೆಂಬರ್ ಮೊದಲ ಭಾನುವಾರದಿಂದ ಹತ್ತೂವರೆ, ಮಾರ್ಚ್ ಎರಡನೆಯ ಭಾನುವಾರದಿಂದ ಒಂಬತ್ತೂವರೆ; ಒಂದು ತೆರೆದಿರುವಾಗ ಇನ್ನೊಂದನ್ನು ಮಗಳು ಗೋಡೆಯ ಕಡೆಗೆ ತಿರುಗಿಸಿ ಅಂಟಿಸುತ್ತಾಳೆ.